ನಿಮಗಿದು ಗೊತ್ತೆ? ಪಾಡ್‌ಕಾಸ್ಟ್ ಕೆದಕಿದ ಹಳೆಯ ಕಡತ

ಸಿಡ್ನಿಯಲ್ಲಿ 1982ರ ಜನವರಿಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ ಲಿನೆಟ್ ಡಾಸನ್ ನಾಪತ್ತೆಯಾದರು. ತಾನಾಗಿಯೇ ಮನೆ ಬಿಟ್ಟು ಹೋದಳೆಂದು ಗಂಡ ಹೇಳಿದ.

* 2018ರಲ್ಲಿ ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ಹೆಡ್ಲಿ ಥಾಮಸ್ ‘ದಿ ಟೀಚರ್ಸ್ ಪೆಟ್’ ಪಾಡ್‌ಕಾಸ್ಟ್‌ನಲ್ಲಿ ಪ್ರಕರಣವನ್ನು ಕೆದಕಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗಂಡನ ಬಂಧನವಾಯಿತು.

* ಪ್ರಚಾರದಿಂದ ನ್ಯಾಯಕ್ಕೆ ಧಕ್ಕೆಯಾಗಬಾರದೆಂದು ಪಾಡ್‌ಕಾಸ್ಟನ್ನು ಆಸ್ಟ್ರೇಲಿಯಾದಲ್ಲಿ ಹಿಂತೆಗೆಯಲಾಯಿತು. ಜ್ಯೂರಿಯಿಲ್ಲದೆ ನ್ಯಾಯಾಧೀಶರೊಬ್ಬರೇ ವಿಚಾರಣೆ ನಡೆಸಿ, 2022ರಲ್ಲಿ ಗಂಡನೇ ಕೊಲೆಗಾರನೆಂದು ತೀರ್ಪಿತ್ತರು.

* ಶವ ಸಿಕ್ಕಿಲ್ಲ. ಶವವೆಲ್ಲಿದೆಯೆಂದು ಬಾಯಿಬಿಡದ ಕೊಲೆಗಾರನಿಗೆ ಪೆರೋಲ್ ಇಲ್ಲವೆಂಬ ಕಾನೂನನ್ನು ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ರಾಜ್ಯ 2022ರಲ್ಲೇ ತಂದಿತು.

* ದಶಕಗಳ ಕಾಲ ನ್ಯಾಯಕ್ಕಾಗಿ ಕಾದ ತವರಿನವರು ತೀರ್ಪಿನ ಬಳಿಕ ಹೀಗೂ ಕೋರಿದರು: ಇನ್ನುಮುಂದೆ ಆಕೆಯನ್ನು ತವರಿನ ಹೆಸರಿನಿಂದ, ಲಿನೆಟ್ ಸಿಮ್ಸ್ ಎಂದೇ ಕರೆಯಿರಿ.