ಗಾಳಿಯ ಮಗ್ಗ

1797ರಲ್ಲಿ ಲಂಡನ್ನಿನ ಬೆತ್ಲೆಮ್ ಹುಚ್ಚಾಸ್ಪತ್ರೆಯನ್ನು ಸೇರಿದ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಎಂಬ ಚಹದ ವ್ಯಾಪಾರಿಯು, ನಗರದ ನೆಲಮಾಳಿಗೆಯೊಂದರಲ್ಲಿ ಏಳು ಮಂದಿ ದುಷ್ಟರು ಅಡಗಿ ಕುಳಿತು, ದುರ್ಗಂಧದ ಆವಿಗಳಿಂದ ನಡೆಯುವ ‘ಗಾಳಿಯ ಮಗ್ಗ’ವೊಂದರಿಂದ ತನ್ನ ಅಂಗಾಂಗಗಳನ್ನು ಹಿಂಡುತ್ತಿರುವರೆಂದೂ, ತನ್ನದಲ್ಲದ ಆಲೋಚನೆಗಳನ್ನು ತನ್ನ ಚಿತ್ತದೊಳಗೆ ಹೊಗಿಸುತ್ತಿರುವರೆಂದೂ, ಆಂಗ್ಲ ಮಂತ್ರಿಗಳನ್ನು ಸಹ ಹೀಗೆಯೇ ಆಡಿಸುತ್ತಿರುವರೆಂದೂ ದೃಢವಾಗಿ ನಂಬಿದ್ದನು. ಅದೇ ವರ್ಷ, ಅದೇ ಲಂಡನ್ನಿನಲ್ಲಿ, ಸ್ವದೇಶವನ್ನು ತೊರೆದು ಬಂದಿದ್ದ ಬಾರುಯೆಲ್ ಎಂಬ ಫ್ರೆಂಚ್ ಪಾದ್ರಿಯು, ಫ್ರಾನ್ಸಿನ ಮಹಾಕ್ರಾಂತಿಯೆಲ್ಲವೂ ತತ್ತ್ವಜ್ಞಾನಿಗಳೂ, ಫ್ರೀಮೇಸನ್ ಮತ್ತು ಇಲ್ಯುಮಿನಾಟಿ ಎಂಬ ಗುಪ್ತಸಂಘಗಳವರೂ ಕೂಡಿ ಹೂಡಿದ ಒಳಸಂಚಿನ ಫಲವೆಂದು ಪ್ರತಿಪಾದಿಸುವ ಗ್ರಂಥವನ್ನು ಹೊರತರಲಾರಂಭಿಸಿದನು. ಅದು ಹಲವು ಭಾಷೆಗಳಿಗೆ ಅನುವಾದಗೊಂಡು ಯುರೋಪಿನಲ್ಲೆಲ್ಲ ಓದಲ್ಪಟ್ಟಿತು. ಬಾರುಯೆಲ್‌ನನ್ನು ಯಾರೂ ಆಸ್ಪತ್ರೆಗೆ ಕಳುಹಿಸಲಿಲ್ಲ, ಕಳುಹಿಸಬೇಕಾಗಿಯೂ ಇರಲಿಲ್ಲ.

ಇಬ್ಬರ ನಂಬಿಕೆಯೂ ಮಿಥ್ಯೆಯೇ ಆಗಿರಲು, ಒಬ್ಬನನ್ನು ಮಾತ್ರ ರೋಗಿಯೆಂದು ಕರೆಯುವುದೇಕೆ? ಬಾರುಯೆಲ್‌ನ ಸಂಚು ಸಮಸ್ತ ಕ್ರೈಸ್ತ ಜಗತ್ತಿನ ಮೇಲೆ ಹೂಡಿದ್ದು. ಆತನು ಅದಕ್ಕೆ ಪತ್ರಗಳನ್ನೂ ಪುಸ್ತಕಗಳನ್ನೂ ಸಾಕ್ಷ್ಯವಾಗಿ ತರುತ್ತಾನೆ, ಓದಿದವರು ತಲೆದೂಗಿ ಆತನ ಪಕ್ಷವನ್ನು ಸೇರುತ್ತಾರೆ. ಮ್ಯಾಥ್ಯೂಸನ ಸಂಚಾದರೋ ಆತನ ಶರೀರವನ್ನೇ ಹಾದು ಹೋಗುತ್ತದೆ. ಅದಕ್ಕೆ ಸಾಕ್ಷ್ಯ ಆತನ ಎದೆಯ ನೋವು, ಆತನೊಬ್ಬನಿಗೇ ಕೇಳುವ ಧ್ವನಿ. ಆ ನಂಬಿಕೆಯೊಳಗೆ ಆತನೊಡನೆ ನಿಲ್ಲುವವರು ಇನ್ನೊಬ್ಬರಿಲ್ಲ. ನನಗೆ ಚಿತ್ತವಿಕಲತೆಯ ಅತ್ಯಂತ ಘೋರವಾದ ಅಂಶವಾಗಿ ತೋರುವುದು ಈ ಏಕಾಕಿತನವೇ. ಆದಕಾರಣ, ಪಿತೂರಿಯ ಕಥೆಗಳನ್ನು ನಂಬಿ ಹರಡುವವರನ್ನೆಲ್ಲ ಹುಚ್ಚರೆಂದು ಜರೆಯುವ ನಮ್ಮ ರೂಢಿಯು, ಯಾರಿಗೂ ಕೇಡನ್ನೆಣಿಸದೆ ಭಯದಿಂದ ನಡುಗುತ್ತಿರುವ ರೋಗಿಗೆ ಮಾಡುವ ಅನ್ಯಾಯವಾಗುತ್ತದೆ.

ಆದರೂ ರೋಗಿಯ ಭ್ರಾಂತಿಗೂ ಪಿತೂರಿಯ ನಂಬಿಕೆಗೂ ನಡುವೆ ಕಲ್ಲಿನ ಗೋಡೆಯೇನೂ ಇಲ್ಲ. ರೋಗಪೀಡಿತ ಚಿತ್ತವು ತನ್ನ ಭ್ರಾಂತಿಗೆ ಬೇಕಾದ ಸಾಮಗ್ರಿಯನ್ನು ತನ್ನ ಕಾಲದಿಂದಲೇ ಎತ್ತಿಕೊಳ್ಳುತ್ತದೆ: ಅಂದು ಅನಿಲಗಳ ರಸಾಯನಶಾಸ್ತ್ರವೂ ಮೆಸ್ಮರ್ ಎಂಬ ವೈದ್ಯನು ಸಾರಿದ ಕಾಂತಶಕ್ತಿಯೂ ಜನರ ಬಾಯಲ್ಲಿದ್ದುದರಿಂದ ಮ್ಯಾಥ್ಯೂಸನಿಗೆ ಆವಿಯ ಯಂತ್ರ ಕಂಡಿತು, ಮುಂದೆ ಅದೇ ಸ್ಥಾನಕ್ಕೆ ರೇಡಿಯೋ ಬಂದಿತು, ಈಗ ಮೈಯೊಳಗೆ ಹುದುಗಿಸಿದ ಎಲೆಕ್ಟ್ರಾನಿಕ್ ಚಿಪ್ ಬಂದಿದೆ. ಭ್ರಾಂತಿಯ ಬುಡದಲ್ಲಿ ಸತ್ಯದ ತುಣುಕೂ ಇರಬಹುದು. ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ನಡುವೆ ಶಾಂತಿಯನ್ನು ಬಯಸಿ ಮ್ಯಾಥ್ಯೂಸನು ಪ್ಯಾರಿಸ್ಸಿಗೆ ಹೋಗಿದ್ದುದು ನಿಜ. 1793ರಲ್ಲಿ ಅಲ್ಲಿ ಸೆರೆಯಾಗಿ ಮೂರು ವರ್ಷ ಬಂಧನದಲ್ಲಿ ನವೆದುದೂ ನಿಜ. ಹಿಂತಿರುಗಿದವನು ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ‘ದ್ರೋಹ’ ಎಂದು ಕೂಗಿದುದು ಆ ಯಾತನೆಯ ಬಳಿಕ.

1809ರಲ್ಲಿ ಆತನ ಬಂಧುಗಳು ಕರೆತಂದ ಇಬ್ಬರು ವೈದ್ಯರು ಆತನು ಸ್ವಸ್ಥನೆಂದರು. ಆದರೆ ಬೆತ್ಲೆಮ್ಮಿನ ಔಷಧಿಕಾರನಾಗಿದ್ದ ಜಾನ್ ಹ್ಯಾಸ್ಲಮ್ ಮರುವರ್ಷವೇ ಆತನ ಭ್ರಾಂತಿಗಳನ್ನೆಲ್ಲ ವಿವರಿಸುವ ಪುಸ್ತಕವನ್ನು ಅಚ್ಚು ಹಾಕಿಸಿ, ಆತನು ಹುಚ್ಚನೆಂದು ಸಾಧಿಸಿದನು. ಬಿಡುಗಡೆ ದೊರೆಯಲಿಲ್ಲ. ಆ ದಿನಗಳಲ್ಲೇ ಬೆತ್ಲೆಮ್ಮಿಗೆ ಹೊಸ ಕಟ್ಟಡವನ್ನು ಕಟ್ಟಲು ನಕ್ಷೆಗಳನ್ನು ಆಹ್ವಾನಿಸಿದಾಗ, ಒಳಗಿದ್ದ ಮ್ಯಾಥ್ಯೂಸನೂ ರೋಗಿಗಳ ಅನುಕೂಲವನ್ನು ಚಿಂತಿಸಿ ಸವಿವರವಾದ ನಕ್ಷೆಗಳನ್ನು ಬರೆದು ಒಪ್ಪಿಸಿದನು. ಆಡಳಿತದವರು ಅದಕ್ಕಾಗಿ ಆತನಿಗೆ 30 ಪೌಂಡುಗಳನ್ನು ಕೊಟ್ಟರು. ಹೊಸ ಕಟ್ಟಡ ತೆರೆದುದು 1815ರಲ್ಲಿ. ಅದೇ ವರ್ಷದ ಆರಂಭದಲ್ಲಿ ಆತನು ತೀರಿಕೊಂಡಿದ್ದನು.