ಸೂಜಿಯಿಂದ ಕೆಟ್ಟ ಭುಜಕ್ಕೆ ಪರಿಹಾರವುಂಟೇ?

ಲಸಿಕೆ ಹಾಕಿಸಿಕೊಂಡ ಮರುದಿನ ರಟ್ಟೆ ನೋಯುವುದು ಎಲ್ಲರೂ ಬಲ್ಲ ಸಂಗತಿ. ಎರಡು ಮೂರು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ನಾನು ಬರೆಯಹೊರಟಿರುವುದು ಆ ನೋವನ್ನು ಕುರಿತಲ್ಲ. ಬಹು ಅಪರೂಪವಾಗಿ ಕೆಲವರಿಗೆ, ಸೂಜಿ ಬಿದ್ದ 48 ಗಂಟೆಯೊಳಗೆ ಹುಟ್ಟಿದ ನೋವು ತಿಂಗಳುಗಟ್ಟಲೆ ಉಳಿದು, ತಲೆ ಬಾಚಿಕೊಳ್ಳಲು, ಅಂಗಿ ತೊಡಲು ಸಹ ಕೈ ಏಳದಂತಾಗುತ್ತದೆ. ತೊಗರಿ ಕೊಯ್ಯುವ, ಮೂಟೆ ಹೊರುವ ಕೈಗೆ ಹೀಗಾದರೆ ಆ ಮನೆಯ ಗತಿಯೇನು?

ಇದಕ್ಕೆ ಮುಖ್ಯ ಕಾರಣವೆಂದು ವೈದ್ಯರು ಹೇಳುವುದು ಸೂಜಿ ಬಿದ್ದ ಸ್ಥಳವನ್ನು. ಭುಜದ ತುದಿಯ ಎಲುಬಿನಿಂದ ಎರಡು ಮೂರು ಬೆರಳಗಲ ಕೆಳಗೆ, ದಪ್ಪ ಸ್ನಾಯುವಿನ ನಡುವೆ ಚುಚ್ಚಬೇಕು. ಇನ್ನೂ ಮೇಲೆ ಚುಚ್ಚಿದರೆ ಮದ್ದು ಸ್ನಾಯುವಿನ ಅಡಿಯಲ್ಲಿರುವ ದ್ರವದ ಚೀಲಕ್ಕೆ ಸೇರಿ ಉರಿಯೂತವಾಗಬಹುದು. ತೋಳು ಮಡಿಸಲಾಗದೆ ಕೊರಳಪಟ್ಟಿ ಜಾರಿಸಿ ಭುಜ ತೋರಿಸುವ ನಮ್ಮ ಅಭ್ಯಾಸವೂ ಸೂಜಿ ಮೇಲಕ್ಕೆ ಬೀಳಲು ಎಡೆಗೊಡುತ್ತದೆ. ಆದುದರಿಂದ ಲಸಿಕೆಗೇ ಹೆದರಬೇಕಾಗಿಲ್ಲ. ಚುಚ್ಚುವ ಕ್ರಮ ಸರಿಯಿದ್ದರಾಯಿತು.

ಅಮೆರಿಕೆಯಲ್ಲಿ 1986ರ ಕಾಯಿದೆಯಂತೆ, ಲಸಿಕೆಗಳ ಮೇಲಿನ ತೆರಿಗೆಯಿಂದ ಒಂದು ಪರಿಹಾರನಿಧಿ ಏರ್ಪಟ್ಟಿದೆ. 2017ರಲ್ಲಿ ಅದರ ಪಟ್ಟಿಗೆ ಈ ಭುಜದ ಗಾಯವೂ ಸೇರಿತು. ಪಟ್ಟಿಯ ನಿಯಮಗಳಿಗೆ ಹೊಂದಿದರೆ ಸಾಕು, ಯಾರ ತಪ್ಪೆಂದು ಸಾಧಿಸಬೇಕಾಗಿಲ್ಲ. ನಮ್ಮಲ್ಲಿ ದಾರಿ ಬೇರೆ. ಕೋವಿಡ್ ಲಸಿಕೆಯ ನಂತರದ ಸಾವುಗಳ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರವು 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ್ದೂ ಇಷ್ಟೇ: ನೊಂದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಅಜಾಗರೂಕತೆಯನ್ನು ಸಾಧಿಸುವ ಭಾರ ನೊಂದವರದೇ.

ಯಾವ ಬಾಗಿಲು ತಟ್ಟಬೇಕೆಂಬುದು ಹಣ ಕೊಟ್ಟಿರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಖಾಸಗಿ ದವಾಖಾನೆಯಲ್ಲಿ ಹಣ ತೆತ್ತವರು ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ಎಲ್ಲರಿಗೂ ಪುಕ್ಕಟೆಯಾಗಿ ಚಿಕಿತ್ಸೆ ಕೊಡುವ ದವಾಖಾನೆ ಈ ಕಾನೂನಿಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟು 1995ರಲ್ಲಿ, ಶಾಂತಾ ಅವರ ಮೊಕದ್ದಮೆಯಲ್ಲಿ ತೀರ್ಮಾನಿಸಿತು.

ನಮ್ಮ ಕೋಟನೂರದಂಥ ಕಡೆ ಬಹುಮಂದಿ ಲಸಿಕೆ ಹಾಕಿಸಿಕೊಳ್ಳುವುದು ಪುಕ್ಕಟೆಯಾಗಿಯೇ. ಅವರಿಗೆ ಉಳಿದದ್ದು ಸಿವಿಲ್ ದಾವೆ. ಸರ್ಕಾರದ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಎರಡು ತಿಂಗಳು ಮುಂಚೆ ನೋಟೀಸು ಕೊಡಬೇಕು. ಮೇಲೆ ವಕೀಲರ ಖರ್ಚು, ವರ್ಷಗಳ ಅಲೆದಾಟ. ಹಣವುಳ್ಳವನಿಗೆ ಸುಲಭದ ಬಾಗಿಲು, ಇಲ್ಲದವನಿಗೆ ಕಷ್ಟದ ಬಾಗಿಲು! ಇದು ನನಗೆ ನ್ಯಾಯವೆನಿಸದು. ಆದರೂ ಆ ಬಾಗಿಲು ಮುಚ್ಚಿಲ್ಲ. ಮಹಾರಾಷ್ಟ್ರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆಯ ವೇಳೆ ಹೊಟ್ಟೆಯಲ್ಲಿ ಬಟ್ಟೆ ಉಳಿದು ಸ್ತ್ರೀಯೊಬ್ಬರು ತೀರಿಕೊಂಡಾಗ, ನೌಕರರ ಅಜಾಗರೂಕತೆಗೆ ಸರ್ಕಾರವೇ ಹೊಣೆಯೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಎರಡೂ ಕಡೆ ಬೇಕಾದದ್ದು ಸಾಕ್ಷ್ಯ. ನೋವು ಹಿಂದೆಯೇ ಇತ್ತು, ಸಕ್ಕರೆ ಕಾಯಿಲೆಯಿಂದ ಭುಜ ಬಿಗಿದಿದೆ ಎಂದು ಎದುರುಪಕ್ಷದವರು ವಾದಿಸಬಹುದು. ಸಕ್ಕರೆ ಕಾಯಿಲೆಯವರಲ್ಲಿ ಹಾಗಾಗುವುದೂ ನಿಜವೇ. ಆದುದರಿಂದ ನೋವು ಎರಡು ಮೂರು ದಿನ ಮೀರಿದೊಡನೆ ವೈದ್ಯರಿಗೆ ತೋರಿಸಿ, ನೋವು ಆರಂಭವಾದ ದಿನವನ್ನು ಚೀಟಿಯಲ್ಲಿ ಬರೆಸಬೇಕು. ಆರೋಗ್ಯ ಕಾರ್ಯಕರ್ತೆಗೂ ತಿಳಿಸಬೇಕು. ಲಸಿಕೆಯ ನಂತರದ ತೊಂದರೆಗಳನ್ನು ದಾಖಲಿಸುವ ವ್ಯವಸ್ಥೆ ಸರ್ಕಾರದಲ್ಲಿದೆ. ಲಸಿಕೆಯ ಚೀಟಿಯಲ್ಲಿ ದಿನಾಂಕವಿದ್ದರೂ ಯಾವ ರಟ್ಟೆಗೆ ಹಾಕಿದರೆಂಬುದು ಅನೇಕ ವೇಳೆ ಇರುವುದಿಲ್ಲ. ಎಡವೋ ಬಲವೋ, ಅದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಬಹುದು.