ಕೋಟೆ ಶಾಲೆಯ ಬಯಲಿನ ಸಂಗೀತದ ಇರುಳುಗಳು

ಹಗಲೆಲ್ಲ ಬಿಸಿಲು ಕಾದು ಸಂಜೆಯ ಹೊತ್ತಿಗೆ ಎಲ್ಲಿಂದಲೋ ಮಳೆಯ ವಾಸನೆ ತೇಲಿಬರುವ ಯುಗಾದಿಯ ದಿನಗಳಲ್ಲಿ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ ಚಪ್ಪರವೇಳುವುದು ನಮ್ಮ ನಗರದ ಹಿರಿಯರಿಗೆ ಪಂಚಾಂಗ ನೋಡದೆಯೇ ತಿಳಿಯುವ ಸಂಗತಿಯಾಗಿದೆ. ಶ್ರೀ ರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವವು 1939ನೆಯ ಇಸವಿಯಲ್ಲಿ ಮೊದಲಾದುದು. ಇನ್ನೂ ಹುಡುಗತನದಲ್ಲಿದ್ದ ಎಸ್. ವಿ. ನಾರಾಯಣಸ್ವಾಮಿರಾಯರು ಇದೇ ಪೇಟೆಯಲ್ಲಿ ಆರಂಭಿಸಿದ ಈ ಕಾರ್ಯವು ಬೆಳೆದು, ತಿಂಗಳಿಗೂ ಮಿಕ್ಕಿ ದಿನವೂ ನಡೆಯುವ ಸಂಗೀತದ ಜಾತ್ರೆಯಾಗಿದೆ. ದಕ್ಷಿಣದಲ್ಲಿ ಹೆಸರು ಮಾಡಿದ ವಿದ್ವಾಂಸರಲ್ಲಿ ಈ ಚಪ್ಪರದಲ್ಲಿ ಕುಳಿತು ಹಾಡದವರನ್ನು ಎಣಿಸುವುದೇ ಸುಲಭ. ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ಇಲ್ಲಿ ಹಾಡಿದ್ದಾರೆ. ಗದಗಿನ ಮಣ್ಣಿನಿಂದ ಬಂದ ಪಂಡಿತ ಭೀಮಸೇನ ಜೋಶಿಯವರು ಮತ್ತೆ ಮತ್ತೆ ಬಂದು, ಕರ್ನಾಟಕ ಪದ್ಧತಿಗೇ ಕಿವಿಯನ್ನು ಒಗ್ಗಿಸಿಕೊಂಡಿದ್ದ ಹಳೆಯ ಬೆಂಗಳೂರಿನ ಜನರಿಗೆ ಹಿಂದೂಸ್ತಾನಿಯ ರುಚಿಯನ್ನು ಹತ್ತಿಸಿದ್ದಾರೆ.

ಉತ್ಸವದ ಇತಿಹಾಸವನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ಈ ಬಯಲಿನಲ್ಲಿ ಸಂಗೀತವನ್ನು ಕೇಳುವ ಸುಖವೆಂಥದು, ಅದರಲ್ಲಿ ಯಾವುದು ಈಗ ನಮ್ಮ ಕೈ ಬಿಡುತ್ತಿದೆ ಎಂಬುದನ್ನು ಕುರಿತು ಒಂದೆರಡು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ಸಂಜೆ ಏಳರ ಸುಮಾರಿಗೆ ಮಾರುಕಟ್ಟೆಯ ಕಡೆಯಿಂದ ನಡೆದು ಬಂದವನಿಗೆ ಮೊದಲು ಕೇಳಿಸುವುದು ಹಾಡಲ್ಲ, ತಂಬೂರಿಯ ಶ್ರುತಿ. ಬಸ್ಸುಗಳ ಗದ್ದಲದ ಸಂದಿನಲ್ಲಿ ಅದು ಒಮ್ಮೆ ಸಿಕ್ಕುತ್ತದೆ, ಒಮ್ಮೆ ತಪ್ಪುತ್ತದೆ. ಒಳಗೆ ಟಿಕೆಟ್ಟಿನ ಕುರ್ಚಿಗಳಲ್ಲಿ ಬಸವನಗುಡಿಯ ನಿವೃತ್ತ ಅಧಿಕಾರಿಗಳು, ಮಲ್ಲೇಶ್ವರದಿಂದ ಬಂದ ಗೃಹಿಣಿಯರು, ಕೈಯಲ್ಲಿ ಪುಸ್ತಕ ಹಿಡಿದು ರಾಗದ ಹೆಸರನ್ನು ಬರೆದುಕೊಳ್ಳುವ ಹುಡುಗಿಯರು. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುವ ಹಿರಿಯರೊಬ್ಬರು ಯಾವಾಗಲೂ ಇದ್ದೇ ಇರುತ್ತಾರೆ. ಅವರ ತಾಳವು ಎಷ್ಟೋ ಸಲ ವಿದ್ವಾಂಸರ ತಾಳಕ್ಕಿಂತ ಅರ್ಧ ಎಣಿಕೆ ಮುಂದಿರುವುದೂ ಉಂಟು. ತಿಂಡಿಯ ಅಂಗಡಿಯಿಂದ ಕಾಫಿಯ ವಾಸನೆ ಬರುತ್ತದೆ. ನವಮಿಯ ದಿನ ನಗರದ ರಾಮಮಂದಿರಗಳಲ್ಲೆಲ್ಲ ಬೆಲ್ಲ, ಏಲಕ್ಕಿ, ಶುಂಠಿಗಳ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿಗಳ ಸಮಾರಾಧನೆ ನಡೆದಿರುತ್ತದೆಯಾದ್ದರಿಂದ, ಅಂದು ಬರುವವರ ಮುಖದಲ್ಲಿ ಒಂದು ಬಗೆಯ ತೃಪ್ತಿಯೂ ಕಣ್ಣಿನಲ್ಲಿ ತುಸು ತೂಕಡಿಕೆಯೂ ಕಾಣುವುದು.

ಆದರೆ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವವರು ಬೇಲಿಯ ಹೊರಗಿನವರು. ಮಂಡಳಿಯಷ್ಟೇ ಹಳೆಯದಾದ ಒಂದು ಸಂಪ್ರದಾಯವೆಂದರೆ ಈ ಹೊರಗಿನ ಸಭೆ. ಕಾಲುದಾರಿಯ ಮೇಲೆ ವೃತ್ತಪತ್ರಿಕೆಯ ಹಾಳೆ ಹಾಸಿ ಕುಳಿತವರು, ಸೈಕಲ್ಲಿಗೆ ಒರಗಿ ನಿಂತವರು, ಹೂವಿನ ಬುಟ್ಟಿಯನ್ನು ಇಳಿಸಿ ಮೊಳ ಅಳೆಯುತ್ತಲೇ ಕೇಳುವ ಹೆಂಗಸು, ಬಾಡಿಗೆ ಬೇಡವೆಂದು ಆಟೋವಿನ ದೀಪ ಆರಿಸಿ ಹಿಂದಿನ ಆಸನದಲ್ಲಿ ಕಾಲು ಚಾಚಿದ ಚಾಲಕ. ಇವರನ್ನು ಯಾರೂ ಆಹ್ವಾನಿಸಲಿಲ್ಲ. ಯಾರೂ ಎಬ್ಬಿಸಿಯೂ ಇಲ್ಲ. ಚೀಟಿ ಕೊಳ್ಳಲಾರದ ಎಷ್ಟೋ ಹುಡುಗರು ಈ ಬೇಲಿಯ ಬಳಿಯೇ ಕಿವಿಯನ್ನು ತಿದ್ದಿಕೊಂಡು ಮುಂದೆ ಒಳ್ಳೆಯ ರಸಿಕರಾದುದನ್ನು ನಾವು ಬಲ್ಲೆವು. ನಗರದಲ್ಲಿ ಸಂಗೀತಶಾಲೆಗಳು ಬಹಳವಿವೆ. ಶುಲ್ಕವಿಲ್ಲದ, ಹಾಜರಿಪಟ್ಟಿಯಿಲ್ಲದ ಶಾಲೆ ಇದೊಂದೇ.

ನಮ್ಮಲ್ಲಿ ಭವನಗಳಿಗೆ ಕೊರತೆಯಿಲ್ಲ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜಕ್ಕೆ ತನ್ನದೇ ಮಂದಿರವಿದೆ. ಮಲ್ಲೇಶ್ವರದ ಮಗ್ಗುಲಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವು 1980ರಿಂದ ಇದೆ. ಆ ಮಹನೀಯರ ಹೆಸರು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಹೂಡಿದುದು ವಿನೋದಕ್ಕಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ದೊಡ್ಡ ಕಂಠದ ಗಾಯಕರ ಜೊತೆಗೆ ನುಡಿಸುವಾಗ, ಹಿಂದಿನ ಸಾಲಿನವನಿಗೂ ತಮ್ಮ ನಾದವು ಮುಟ್ಟಬೇಕೆಂಬ ಒಂದೇ ಚಿಂತೆಯಿಂದ ಅವರು ಹಾಗೆ ಮಾಡಿದರು. ಭವನದ ಗೋಡೆಗಳೊಳಗೆ ಕುಳಿತು ಕೇಳುವ ಸುಖವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಭವನಕ್ಕೆ ಹಿಂದಿನ ಸಾಲು ಎಂಬುದೊಂದಿದೆ, ಬಯಲಿಗೆ ಅದಿಲ್ಲ.

ಸಂಗೀತವನ್ನು ಹೀಗೆ ಬಯಲಿಗೆ ತಂದು ಎಲ್ಲರೊಡನೆ ಹಂಚಿಕೊಳ್ಳುವುದು ನಮ್ಮಲ್ಲಿ ಮಾತ್ರ ಕಂಡುಬರುವ ಗುಣವೆಂದು ಹೆಮ್ಮೆಪಡುವವರು ಒಮ್ಮೆ ಬ್ರಜಿಲ್ ದೇಶದ ಕಡೆಗೆ ನೋಡಬೇಕು. ಅಲ್ಲಿಯ ರಿಯೋ ಡಿ ಜನೈರೋ ನಗರದ ಹಳೆಯ ಬಂದರಿನ ಬಳಿ 'ಉಪ್ಪಿನ ಬಂಡೆ' ಎಂಬ ಅರ್ಥದ ಹೆಸರುಳ್ಳ ಒಂದು ತಾಣವುಂಟು. ಹಡಗುಗಳಿಂದ ಉಪ್ಪನ್ನು ಇಳಿಸುತ್ತಿದ್ದ ಆ ಬಂಡೆಯ ಮೆಟ್ಟಿಲುಗಳ ಬಳಿ ಸೋಮವಾರದ ಇರುಳು ಸಾಂಬಾ ಗೋಷ್ಠಿ ನಡೆಯುವುದು ವಾಡಿಕೆ. ವೇದಿಕೆಯಿಲ್ಲ; ಒಂದು ಮೇಜಿನ ಸುತ್ತ ವಾದ್ಯಗಾರರು ಕುಳಿತುಕೊಳ್ಳುತ್ತಾರೆ, ಅವರ ಸುತ್ತ ಊರೇ ನಿಲ್ಲುತ್ತದೆ. ಇಂಥ ಗೋಷ್ಠಿಗೆ ಅವರು 'ಚಕ್ರ' ಎಂಬ ಅರ್ಥದ ಮಾತನ್ನೇ ಬಳಸುತ್ತಾರೆ. ಅವರ ಪಂದೇರೋ ಎಂಬ ವಾದ್ಯವನ್ನು ಕಂಡರೆ ನಮ್ಮ ಖಂಜಿರದ ಅಣ್ಣನೆಂದೇ ಹೇಳಬೇಕು: ಅದೇ ಚರ್ಮ, ಅದೇ ಅಂಚಿನ ಬಿಲ್ಲೆಗಳು, ಗಾತ್ರ ಮಾತ್ರ ದೊಡ್ಡದು.

ಈ ಸಂಗೀತವು ಸುಲಭವಾಗಿ ಬೀದಿಗೆ ಬಂದುದಲ್ಲ. ಆಫ್ರಿಕದಿಂದ ಸಂಕೋಲೆಯಲ್ಲಿ ತಂದ ಜನರ ಸಂತತಿಯವರದು ಇದು. ಆ ದೇಶದಲ್ಲಿ ಗುಲಾಮಗಿರಿ ಅಳಿದುದೇ 1888ರಲ್ಲಿ. ಅನಂತರವೂ ಎಷ್ಟೋ ವರ್ಷ ಪೋಲೀಸಿನವರು ಸಾಂಬಾ ಬಾರಿಸುವವರನ್ನು ಪೋಕರಿಗಳೆಂದು ಹಿಡಿಯುತ್ತಿದ್ದರು. ಜುವಾಂವ್ ದ ಬಯಾನಾ ಎಂಬ ವಾದ್ಯಗಾರನ ಪಂದೇರೋವನ್ನು ಪೋಲೀಸರು ಕಸಿದುಕೊಂಡಾಗ, ಆ ದೇಶದ ಸೆನೆಟಿನ ಸದಸ್ಯರೊಬ್ಬರು ಹೊಸದೊಂದನ್ನು ಮಾಡಿಸಿ, ಅದರ ಮೇಲೆ ತಮ್ಮ ಹೆಸರನ್ನು ಬರೆಸಿಕೊಟ್ಟರೆಂದೂ, ಆ ಬಳಿಕ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲವೆಂದೂ ಅಲ್ಲಿಯ ಜನ ಹೇಳುತ್ತಾರೆ. ನಮ್ಮ ಶಾಸನಸಭೆಯ ಮಾನ್ಯ ಸದಸ್ಯರು ಈ ಕಥೆಯನ್ನು ಅವಶ್ಯವಾಗಿ ಓದಬೇಕೆಂದು ಕೋರುತ್ತೇವೆ.

ಆ ಚಕ್ರದಲ್ಲಿ ನಮಗೆ ಮೆಚ್ಚಿಗೆಯಾದುದು ಇನ್ನೊಂದು. ಸುತ್ತ ನಿಂತವರೂ ಹಾಡುತ್ತಾರೆ. ಹಾಡು ಅವರ ಬಾಯಿಮಾತಿನಲ್ಲಿಯೇ ಇರುವುದರಿಂದ ಪಲ್ಲವಿಯನ್ನು ಊರೆಲ್ಲ ಹಿಡಿಯುತ್ತದೆ. ನಮ್ಮ ಬಯಲಿನಲ್ಲಿ ಇಂಥ ಕ್ಷಣ ಬರುವುದೇ ಇಲ್ಲವೆಂದಲ್ಲ. ಕಚೇರಿಯ ಕೊನೆಗೆ ವಿದ್ವಾಂಸರು ಪುರಂದರದಾಸರ ಒಂದು ಪದವನ್ನು ಎತ್ತಿಕೊಂಡಾಗ ಬೇಲಿಯ ಹೊರಗಿನವರ ತುಟಿಗಳು ಅಲುಗುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಅಲ್ಲಿಯವರೆಗೆ ಕೇಳುತ್ತಿದ್ದವರು ಆಗ ಹಾಡುವವರಾಗುತ್ತಾರೆ. ಆದರೆ ಕಚೇರಿಯ ಸಂಪ್ರದಾಯದಲ್ಲಿ ಕನ್ನಡದ ಪದಕ್ಕೆ ಸಿಕ್ಕುವುದು ಆ ಕೊನೆಯ ಚೂರು ಹೊತ್ತು ಮಾತ್ರ. ವರ್ಣವಾಗಿ, ಕೃತಿಗಳಾಗಿ, ಪ್ರಧಾನರಾಗದ ವಿಸ್ತಾರವೂ ತನಿ ಆವರ್ತನವೂ ಮುಗಿದು, ಕುರ್ಚಿಗಳ ಜನ ಚಪ್ಪಲಿ ಹುಡುಕಲು ಏಳುವಾಗ ದೇವರನಾಮದ ಸರದಿ. ಕರ್ನಾಟಕ ಸಂಗೀತದ ಪಿತಾಮಹರೆಂದು ದಾಸರಿಗೆ ಕೈಮುಗಿಯುವ ನಾವು, ಅವರ ಪದಗಳನ್ನು ಎಲೆಯ ತುದಿಯ ಉಪ್ಪಿನಕಾಯಿಯಂತೆ ಬಡಿಸುವುದು ಯಾವ ನ್ಯಾಯವೋ ತಿಳಿಯದು. ಆ ಚೂರು ಹೊತ್ತಿಗೂ ಈಗ ಕತ್ತರಿ ಬಿದ್ದಿದೆ.

ಕತ್ತರಿ ಬಿದ್ದ ಬಗೆ ಹೀಗೆ. ಹಿಂದಿನ ಕಾಲದಲ್ಲಿ ಕಚೇರಿಗಳು ನಾಲ್ಕೈದು ಗಂಟೆಗಳ ಕಾಲ ನಡೆಯುತ್ತಿದ್ದವು; ಮಧ್ಯರಾತ್ರಿ ಕಳೆದ ಮೇಲೆ ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಜನ ನಡೆದು ಮನೆ ಸೇರುತ್ತಿದ್ದರು. ಕೇಂದ್ರ ಸರ್ಕಾರದವರು 2000ದ ಇಸವಿಯಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಲಪಡಿಸಿತು. ಆದುದರಿಂದ ಈಗ ವಿದ್ವಾಂಸರ ಕಣ್ಣು ಒಂದು ಕಡೆ ಪಕ್ಕವಾದ್ಯದವರ ಮೇಲೆ, ಇನ್ನೊಂದು ಕಡೆ ಗಡಿಯಾರದ ಮೇಲೆ. ಒಂಬತ್ತೂವರೆಯಾಯಿತೆಂದರೆ ಪಲ್ಲವಿಯನ್ನು ಮೊಟಕು ಮಾಡಬೇಕು, ದೇವರನಾಮವನ್ನು ಒಂದೇ ಚರಣಕ್ಕೆ ಮುಗಿಸಬೇಕು, ಮಂಗಳವನ್ನು ಓಡಿಸಬೇಕು.

ಹಿಂದೂಸ್ತಾನಿಯವರ ನಷ್ಟವು ಇದಕ್ಕಿಂತಲೂ ಹೆಚ್ಚು. ಅವರ ಶಾಸ್ತ್ರದಲ್ಲಿ ಒಂದೊಂದು ರಾಗಕ್ಕೆ ಒಂದೊಂದು ಹೊತ್ತನ್ನು ಗೊತ್ತುಮಾಡಲಾಗಿದೆ. ಮಾಲಕಂಸವನ್ನೂ ದರ್ಬಾರಿ ಕಾನಡಾವನ್ನೂ ಹಾಡತಕ್ಕುದು ಇರುಳು ಗಾಢವಾದ ಮೇಲೆ. ಗಡಿಯಾರವು ಹತ್ತಕ್ಕೆ ಬಾಗಿಲು ಮುಚ್ಚಿದಮೇಲೆ ಈ ರಾಗಗಳಿಗೆ ಬಯಲಿನಲ್ಲಿ ಇನ್ನು ಸಮಯವೇ ಇಲ್ಲ. ಬೇಲಿಯ ಬಳಿ ನಿಂತು ಕಿವಿ ತಿದ್ದಿಕೊಳ್ಳುವ ಇಂದಿನ ಹುಡುಗನು ಸಂಜೆಯ ರಾಗಗಳನ್ನೆಲ್ಲ ಬಲ್ಲ, ನಡುರಾತ್ರಿಯ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಎಂದೂ ಕೇಳಿರಲಾರ. ಕಾನಡಾ ಎಂಬ ಹೆಸರು ಕರ್ಣಾಟವೆಂಬುದರಿಂದಲೇ ಬಂದುದೆಂದು ಹೇಳುವವರಿದ್ದಾರೆ. ಹಾಗಿದ್ದರೆ, ನಮ್ಮ ನಾಡಿನ ಹೆಸರು ಹೊತ್ತ ರಾಗಕ್ಕೆ ನಮ್ಮ ರಾಜಧಾನಿಯ ಬಯಲಿನಲ್ಲಿಯೇ ಪ್ರವೇಶವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಆ ನಿಯಮದ ವಿರೋಧಿಗಳೆಂದು ಯಾರೂ ತಿಳಿಯಬಾರದು. ಕೋಟೆ ಶಾಲೆಯ ಆಸುಪಾಸಿನಲ್ಲಿಯೇ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳಿವೆ. ಉತ್ಸವದ ತಿಂಗಳು ಮಕ್ಕಳ ಪರೀಕ್ಷೆಯ ತಿಂಗಳೂ ಅಹುದು. ನೋವಿನಿಂದ ನಿದ್ದೆ ಬಾರದ ರೋಗಿಗೆ ಎಂಥ ಉತ್ತಮ ತೋಡಿಯೂ ಗದ್ದಲವೇ. ಗಲ್ಲಿಗಲ್ಲಿಗೆ ಕೊಳವೆ ಕಟ್ಟಿ ಚಿತ್ರಗೀತೆಗಳನ್ನು ಬೆಳಗಿನವರೆಗೆ ಕೂಗಿಸುತ್ತಿದ್ದ ಅನಾಚಾರವನ್ನು ಈ ನಿಯಮವು ತಕ್ಕಮಟ್ಟಿಗೆ ತಡೆದಿರುವುದನ್ನು ಅನುಭವಿಸಿದವರು ಮರೆಯಲಾರರು. ನಾವೂ ಅದೇ ಗಲ್ಲಿಗಳಲ್ಲಿ ಮಲಗುವವರು.

ಆದರೆ ಅದೇ ನಿಯಮದಲ್ಲಿ ಒಂದು ಕಿಟಕಿಯನ್ನೂ ತೆರೆದಿಟ್ಟಿದ್ದಾರೆ. ಧಾರ್ಮಿಕ ಅಥವಾ ಸಾಂಸ್ಕೃತಿಕ ಹಬ್ಬಗಳ ಸಂದರ್ಭದಲ್ಲಿ, ವರ್ಷಕ್ಕೆ ಒಟ್ಟು 15 ದಿನಗಳಿಗೆ ಮೀರದಂತೆ, ರಾತ್ರಿ 10ರಿಂದ 12ರವರೆಗೆ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರದವರಿಗುಂಟು. ಈ ಹದಿನೈದು ದಿನಗಳು ಎಲ್ಲ ಹಬ್ಬಗಳಿಗೂ ಸೇರಿ ಇರತಕ್ಕವು. ತಿಂಗಳ ಉತ್ಸವಕ್ಕೆಲ್ಲ ಅವನ್ನು ಕೇಳುವುದು ದುರಾಸೆಯಾದೀತು. ಎರಡು ಇರುಳುಗಳನ್ನು ಕೇಳುತ್ತೇವೆ: ನವಮಿಯ ಇರುಳೊಂದು, ಹಿಂದೂಸ್ತಾನಿ ಕಚೇರಿಗೆ ಮೀಸಲಾದ ಶನಿವಾರದ ಇರುಳೊಂದು. ಅದಕ್ಕೆ ಪ್ರತಿಯಾಗಿ ಧ್ವನಿಯನ್ನು ತಗ್ಗಿಸತಕ್ಕುದು. ಕೊಳವೆಗಳ ಮುಖವನ್ನು ಆಸ್ಪತ್ರೆಯ ಕಡೆಯಿಂದ ತಿರುಗಿಸಿ, ಚಪ್ಪರದ ಅಂಚಿಗೂ ಬೇಲಿಗೂ ಮುಟ್ಟುವಷ್ಟು ಮಾತ್ರ ಇಟ್ಟರೆ ಸಾಕು. ದನಿ ಹೆಚ್ಚುವುದು ನಮಗೆ ಬೇಡ, ಹೊತ್ತು ಹೆಚ್ಚಬೇಕು.

ಇರುಳೆಲ್ಲ ಎಚ್ಚರವಾಗಿರುವುದು ಈ ಊರಿಗೆ ಹೊಸದೂ ಅಲ್ಲ. ನವಮಿಯಾದ ಆರು ದಿನಗಳಿಗೆ, ಚೈತ್ರ ಶುದ್ಧ ಪೂರ್ಣಿಮೆಯಂದು, ಧರ್ಮರಾಯನ ಗುಡಿಯಿಂದ ಕರಗವು ಹೊರಟು, ಹಳೆಯ ಪೇಟೆಗಳನ್ನೆಲ್ಲ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬೆಳಗಿನ ಹೊತ್ತಿಗೆ ಮರಳುವುದು. ಅಂದು ನಗರಪಾಲಿಕೆಯವರೂ ಪೋಲೀಸಿನವರೂ ಜನರೊಡನೆ ಎಚ್ಚರವಾಗಿರುತ್ತಾರೆ, ವಾಹನಗಳನ್ನು ಬೇರೆ ಬೀದಿಗಳಿಗೆ ತಿರುಗಿಸುತ್ತಾರೆ.

ವಾಹನಗಳ ಮಾತು ಬಂದುದರಿಂದ ಇನ್ನೊಂದು ಬೇಡಿಕೆ. ಹತ್ತು ಗಂಟೆಯ ನಂತರ ಸಂಗೀತವು ನಿಲ್ಲುತ್ತದೆ. ಕೃಷ್ಣರಾಜೇಂದ್ರ ರಸ್ತೆಯ ಹಾರನ್ನುಗಳು ನಿಲ್ಲುವುದಿಲ್ಲ. ರೋಗಿಯ ನಿದ್ದೆಯನ್ನು ತಂಬೂರಿಯಿಂದ ಕಾಪಾಡುವವರು ಲಾರಿಯಿಂದಲೂ ಕಾಪಾಡಬೇಕಲ್ಲವೇ? ಉತ್ಸವದ ದಿನಗಳಲ್ಲಿ ಸಂಜೆ ಏಳರಿಂದ ಶಾಲೆಯ ಮಗ್ಗುಲಿನ ಒಂದು ಬೀದಿಯನ್ನಾದರೂ ವಾಹನಗಳಿಗೆ ಮುಚ್ಚಿ, ಅಲ್ಲಿ ನಾಲ್ಕು ಜಮಖಾನೆಗಳನ್ನು ಹಾಸಿದರೆ ಬೇಲಿಯ ಹೊರಗಿನವರಿಗೆ ಮಹೋಪಕಾರವಾದೀತು. ಇದಕ್ಕೆ ಬೇಕಾಗುವ ಖರ್ಚು ಸ್ವಲ್ಪ. ಬಂದವರು ಮನೆ ಸೇರುವುದು ಹೇಗೆಂಬ ಚಿಂತೆಯೂ ಈಗ ಹಿಂದಿನಷ್ಟಿಲ್ಲ. 2017ರಲ್ಲಿ ಮೆಟ್ರೋ ರೈಲಿನ ಹಸುರು ಮಾರ್ಗವು ನೆಲದಡಿಯಲ್ಲಿ ಮಾರುಕಟ್ಟೆಯನ್ನು ಮುಟ್ಟಿದ ಮೇಲೆ, ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಇಲ್ಲಿಗೆ ಮೂರೇ ನಿಲ್ದಾಣ. ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಒಂದೇ. ಮೂರು ಹಳೆಯ ಬಡಾವಣೆಗಳನ್ನೂ ಒಂದೇ ದಾರದಲ್ಲಿ ಪೋಣಿಸಿದಂತಾಗಿದೆ. ಆ ಎರಡು ಇರುಳುಗಳಂದು ಮಾತ್ರ ಕೊನೆಯ ಗಾಡಿಯನ್ನು ಹನ್ನೆರಡೂವರೆಯವರೆಗೆ ತಡೆದರೆ ಸಾಕು.

ವಿದ್ವಾಂಸರಲ್ಲಿಯೂ ಒಂದು ವಿಜ್ಞಾಪನೆಯುಂಟು. ಅನುಮತಿ ದೊರೆಯಲಿ, ದೊರೆಯದಿರಲಿ, ದಾಸರ ಪದವೊಂದನ್ನು ಕಚೇರಿಯ ನಡುವಿಗೆ ತರುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ಎಂಟು ಗಂಟೆಗೆ, ಚಪ್ಪರ ತುಂಬಿರುವಾಗ, ಪೂರ್ತಿ ಚರಣಗಳೊಡನೆ ಅದನ್ನು ಹಾಡಿ ನೋಡಲಿ. ಕಳೆದ ಉತ್ಸವದಲ್ಲಿ ಒಂದು ಸಂಜೆ ಹಾಗೆಯೇ ಆಯಿತು. ಮೊಳದ ಲೆಕ್ಕ ತಪ್ಪಿದ ಹೂವಿನವಳು ಮಲ್ಲಿಗೆಯ ದಂಡೆಯನ್ನು ಅಳೆಯುವುದನ್ನೇ ಬಿಟ್ಟು, ಕೊಳ್ಳಲು ಬಂದವನನ್ನು ಕೈಸನ್ನೆಯಿಂದ ನಿಲ್ಲಿಸಿ, ಪಲ್ಲವಿ ಮುಗಿಯುವವರೆಗೆ ತಾನೂ ಹಾಡಿದಳು. ಕೊಳ್ಳಲು ಬಂದವನೂ ಹಾಡಿದನು.